ಕನೂ ಪೋಲೊ ಕಲಿಯುವುದು ಹೇಗೆ? ಮೊದಲು ಕೊಳ, ಆಮೇಲೆ ಹೊಳೆ

ಒಬ್ಬರೇ ಕೂರುವ ಕಿರಿದಾದ ನೌಕೆಯಾದ ಕಯಾಕ್‌ನಲ್ಲಿ ಕುಳಿತು ನೀರಿನ ಮೇಲೆ ಆಡುವ ಚೆಂಡಾಟವೇ ಕನೂ ಪೋಲೊ. ಎರಡು ತಂಡಗಳಿಂದ ಐದೈದು ಮಂದಿ ನೀರಿಗಿಳಿಯುತ್ತಾರೆ. ಪ್ರತಿ ತಂಡದಲ್ಲಿ ಇನ್ನೂ ಮೂವರು ಬದಲಿ ಆಟಗಾರರು ಇರಬಹುದು. ಅಂಕಣದ ಉದ್ದ 35 ಮೀಟರ್, ಅಗಲ 23 ಮೀಟರ್. ಅದರ ಎರಡೂ ತುದಿಗಳಲ್ಲಿ 1 ಮೀಟರ್ ಎತ್ತರದ, 1.5 ಮೀಟರ್ ಅಗಲದ ಗೋಲು ಚೌಕಟ್ಟುಗಳನ್ನು ನೀರಿನಿಂದ 2 ಮೀಟರ್ ಮೇಲೆ ತೂಗುಹಾಕಿರುತ್ತಾರೆ. 10 ನಿಮಿಷಗಳ ಎರಡು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಚೆಂಡನ್ನು ಕೈಯಿಂದ ಎಸೆಯಬಹುದು, ಹುಟ್ಟಿನಿಂದ ತಳ್ಳಬಹುದು; ಚೆಂಡು ಯಾರ ವಶದಲ್ಲಿದೆಯೋ ಅವರನ್ನು ಅಂಗೈಯಿಂದ ದೂಡಿ ಕಯಾಕ್ ಸಮೇತ ಮಗುಚಿ ಹಾಕಲೂಬಹುದು. ಈ ಕೊನೆಯ ಮಾತು ಕೇಳಿದೊಡನೆ ಹಲವರು ಹಿಂಜರಿಯುತ್ತಾರೆ. ಆದರೆ ಮಗುಚಿದ ಕಯಾಕನ್ನು ಒಳಗೆ ಕುಳಿತಂತೆಯೇ ನೆಟ್ಟಗೆ ಮಾಡಿಕೊಳ್ಳುವ ವಿದ್ಯೆ ಕೈವಶವಾದವರಿಗೆ ಅದು ಆಟದ ಅತ್ಯಂತ ಸಹಜ ಘಟನೆ. ಈ ಲೇಖನದ ಹೆಚ್ಚಿನ ಭಾಗ ಆ ವಿದ್ಯೆಗೇ ಮೀಸಲಾಗಿದೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಆಟದ ಈಗಿನ ರೂಪ ಬೆಳೆದು ಬಂದದ್ದು ಬ್ರಿಟನ್ನಿನ ಈಜುಕೊಳಗಳಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1994ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆಯಿತು. 2005ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಈ ಆಟಕ್ಕೂ ಸ್ಥಾನ ಸಿಕ್ಕಿತು. ಒಲಿಂಪಿಕ್ಸ್‌ನಲ್ಲಿ ಇದು ಇನ್ನೂ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರು, ಮಹಿಳೆಯರು ಹಾಗೂ 21 ವರ್ಷದೊಳಗಿನ ಯುವಕ, ಯುವತಿಯರಿಗೆ ಪ್ರತ್ಯೇಕ ವಿಭಾಗಗಳಿವೆ.

ನೇತ್ರಾವತಿ, ಫಲ್ಗುಣಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಎಂದು ಕೆಲವೇ ಮೈಲಿಗೊಂದು ನದಿ ಸಮುದ್ರ ಸೇರುವ ದಕ್ಷಿಣ ಕನ್ನಡ, ಉಡುಪಿಯ ಈ ಕರಾವಳಿಯಲ್ಲಿ ನೀರಿಗೇನೂ ಬರವಿಲ್ಲ. ಹೊಳೆ ನಡುವಿನ ದ್ವೀಪಗಳಾದ ಕುದ್ರುಗಳಲ್ಲಿ ದೋಣಿ ನಡೆಸಿಯೇ ಬೆಳೆದವರು ನಮ್ಮಲ್ಲಿದ್ದಾರೆ. ಇಂಥ ಊರಿನಲ್ಲಿ ನೇರವಾಗಿ ಹೊಳೆಗೇ ಇಳಿದರಾಯಿತು ಎಂದು ಅನ್ನಿಸುವುದು ಸಹಜ. ನನ್ನ ಖಚಿತ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಕನೂ ಪೋಲೊ ಕಲಿಯುವವರು ಈಜುಕೊಳದಲ್ಲಿ ಆರಂಭಿಸಬೇಕು. ತಿಳಿಯಾದ, ನಿಂತ, ನೆಲ ಕಾಣುವ ನೀರಿನಲ್ಲಿ ತಲೆಕೆಳಗಾಗುವುದು ಅಭ್ಯಾಸವಾದ ಮೇಲಷ್ಟೇ ಹೊಳೆಗೆ ಹೋಗಬೇಕು. ದೋಣಿಯ ಅನುಭವ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ. ದೋಣಿಯಲ್ಲಿ ಕಾಲುಗಳು ಸ್ವತಂತ್ರವಾಗಿರುತ್ತವೆ, ಬಿದ್ದರೆ ಮನುಷ್ಯ ದೋಣಿಯಿಂದ ಬೇರೆಯಾಗುತ್ತಾನೆ. ಕಯಾಕ್‌ನಲ್ಲಿ ಸೊಂಟದಿಂದ ಕೆಳಗಿನ ದೇಹವೆಲ್ಲ ಒಳಗಿರುತ್ತದೆ, ಕಯಾಕ್ ಮಗುಚಿದರೆ ಕುಳಿತವರೂ ಅದರ ಜೊತೆಗೇ ತಲೆಕೆಳಗಾಗುತ್ತಾರೆ.

ಕ್ಲಬ್ ಹುಡುಕುವಾಗ

ಮಂಗಳೂರು ಅಥವಾ ಉಡುಪಿಯಲ್ಲಿ ಆರಂಭಿಸುವವರು ಕನೂ ಪೋಲೊ ಎಂಬ ಫಲಕವನ್ನೇ ಹುಡುಕಿಕೊಂಡು ಹೋಗುವ ಬದಲು ಈಜು, ಕಯಾಕಿಂಗ್ ಮತ್ತು ಸರ್ಫಿಂಗ್ ಕಲಿಸುವವರಲ್ಲಿ ವಿಚಾರಿಸುವುದು ಒಳ್ಳೆಯದು. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕಿಂಗ್ ನಡೆಯುತ್ತದೆ. ಮೂಲ್ಕಿ ಮತ್ತು ಸಸಿಹಿತ್ಲು ಸರ್ಫಿಂಗ್‌ಗೆ ಹೆಸರಾಗಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಜಲಸಾಹಸ ತರಬೇತಿ ಶಿಬಿರಗಳ ಬಗ್ಗೆ ಕೇಳಬಹುದು. ರಾಜ್ಯಮಟ್ಟದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ದೇಶದಲ್ಲಿ ಈ ಕ್ರೀಡೆ ಭಾರತೀಯ ಕಯಾಕಿಂಗ್ ಮತ್ತು ಕನೋಯಿಂಗ್ ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ.

ಕ್ಲಬ್‌ಗೆ ಹೋದಾಗ ಮೊದಲು ನೋಡಬೇಕಾದದ್ದು ಅಲ್ಲಿರುವ ಕಯಾಕ್‌ಗಳನ್ನು. ಪ್ರವಾಸಿಗರಿಗೆ ಕೊಡುವ ಪ್ಲಾಸ್ಟಿಕ್ ಕಯಾಕ್‌ಗಳಲ್ಲಿ ಹೆಚ್ಚಿನವು ಮೇಲೆ ಕುಳಿತು ಸಾಗುವಂಥವು. ಹುಟ್ಟು ಹಾಕುವುದನ್ನು, ತಿರುಗಿಸುವುದನ್ನು, ಹಿಂದಕ್ಕೆ ಸಾಗುವುದನ್ನು ಕಲಿಯಲು ಅವು ಸಾಕು. ಪೋಲೊಗೆ ಮಾತ್ರ ಕಾಲುಗಳನ್ನು ಒಳಗೆ ಚಾಚಿ ಕೂರುವ, ಮೇಲ್ಭಾಗ ಮುಚ್ಚಿದ ಕಯಾಕ್ ಬೇಕು. ಆಮೇಲೆ ತರಬೇತುದಾರರಲ್ಲಿ ಮೂರು ವಿಷಯ ಕೇಳಿ. ಮಗುಚಿದವರನ್ನು ಎತ್ತಲು ನೀರಿನಲ್ಲಿ ಯಾರಿರುತ್ತಾರೆ? ಮೊದಲ ದಿನ ಏನು ಕಲಿಸುತ್ತೀರಿ? ಈಜು ಬಾರದವರನ್ನು ಸೇರಿಸಿಕೊಳ್ಳುತ್ತೀರಾ? ಲೈಫ್ ಜಾಕೆಟ್ ಇದೆ, ಈಜು ಬಾರದಿದ್ದರೂ ಅಡ್ಡಿಯಿಲ್ಲ ಎಂಬ ಉತ್ತರ ಬಂದರೆ ಅಲ್ಲಿಂದ ಹಿಂದಿರುಗುವುದೇ ಲೇಸು. ಲೈಫ್ ಜಾಕೆಟ್ ದೇಹವನ್ನು ತೇಲಿಸುತ್ತದೆ, ನೀರಿನ ಗಾಬರಿಯನ್ನು ಕಳೆಯುವುದಿಲ್ಲ. ಬಟ್ಟೆ ತೊಟ್ಟು 50 ಮೀಟರ್ ಈಜಲು, ಒಂದೆಡೆ ನಿಂತು ಕೆಲವು ನಿಮಿಷ ತೇಲಲು ಬಾರದವರು ಮೊದಲು ಈಜು ಕಲಿಯಬೇಕು. ಮಂಗಳೂರಿನ ಲೇಡಿಹಿಲ್ ಮತ್ತು ಎಮ್ಮೆಕೆರೆಯಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಸಾರ್ವಜನಿಕ ಈಜುಕೊಳಗಳಿವೆ.

ಕೊಳದಲ್ಲಿ ಕಯಾಕ್ ಇಳಿಸಲು ಅನುಮತಿ ಪಡೆಯುವುದು ಗುಂಪಾಗಿ ಹೋದರೆ ಸುಲಭ. ಕೊಳದ ಮೇಲ್ವಿಚಾರಕರಿಗಿರುವ ಆತಂಕಗಳು ನ್ಯಾಯವಾದವೇ: ಟೈಲ್ಸ್ ಒಡೆಯಬಹುದು, ಹೊಳೆಯ ಕೆಸರು ಕೊಳಕ್ಕೆ ಸೇರಬಹುದು, ಈಜುವವರಿಗೆ ಪೆಟ್ಟಾಗಬಹುದು. ಕಯಾಕ್‌ಗಳನ್ನು ಒಳಗೂ ಹೊರಗೂ ತೊಳೆದು ತರುತ್ತೇವೆ, ಎರಡೂ ತುದಿಗಳಿಗೆ ಮೆತ್ತನೆಯ ಬಂಪರ್ ಇರುತ್ತದೆ, ಸಾರ್ವಜನಿಕರ ಅವಧಿ ಮುಗಿದ ಮೇಲಷ್ಟೇ ಇಳಿಯುತ್ತೇವೆ ಎಂದು ಪತ್ರದಲ್ಲಿಯೇ ಬರೆದುಕೊಟ್ಟರೆ ಮಾತುಕತೆಗೆ ದಾರಿಯಾಗುತ್ತದೆ. 50 ಮೀಟರ್ ಉದ್ದ, 25 ಮೀಟರ್ ಅಗಲದ ಕೊಳದಲ್ಲಿ ಪೂರ್ಣ ಅಂಕಣವೇ ಹಿಡಿಸುತ್ತದೆ. ಕಲಿಕೆಗಾದರೆ 25 ಮೀಟರ್ ಕೊಳದ ಅರ್ಧ ಭಾಗವೂ ಸಾಕು.

ಸಲಕರಣೆ

ಆರಂಭದಲ್ಲಿ ಏನನ್ನೂ ಕೊಳ್ಳಬೇಡಿ. ಪೋಲೊ ಕಯಾಕ್ 3 ಮೀಟರ್‌ಗಿಂತ ಉದ್ದವಿರುವಂತಿಲ್ಲ, ಅಗಲ 50ರಿಂದ 60 ಸೆಂಟಿಮೀಟರ್. ತೂಕ 7 ಕಿಲೋಗಿಂತ ಕಡಿಮೆಯಿರಬಾರದು. ಸ್ಪರ್ಧೆಯ ಕಯಾಕ್‌ಗಳು ಕಾರ್ಬನ್ ಇಲ್ಲವೇ ಫೈಬರ್‌ನಿಂದ ಮಾಡಿದಂಥವು, ದುಬಾರಿ. ಕಲಿಯುವವರಿಗೆ ಕ್ಲಬ್‌ನ ಪ್ಲಾಸ್ಟಿಕ್ ಕಯಾಕೇ ಮೇಲು, ಎಷ್ಟು ಗುದ್ದಿದರೂ ತಡೆದುಕೊಳ್ಳುತ್ತದೆ. ಹುಟ್ಟಿಗೆ ಎರಡೂ ಕಡೆ ಅಲಗು ಇರುತ್ತದೆ. ಇನ್ನೊಬ್ಬರಿಗೆ ಗಾಯವಾಗದಂತೆ ಅಲಗಿನ ಅಂಚು ದಪ್ಪವಾಗಿ, ದುಂಡಗೆ ಇರಬೇಕೆಂಬುದು ನಿಯಮ. ಅಲಗಿನ ಅಂಚು ಸೀಳಿದ್ದರೆ ಆ ಹುಟ್ಟನ್ನು ಆಟಕ್ಕೆ ತರಬಾರದು.

ಹೆಲ್ಮೆಟ್‌ಗೆ ಮುಖದ ಮುಂದೆ ಕಂಬಿಯ ಜಾಲರಿ ಇರಲೇಬೇಕು. ತಲೆಯ ಅಳತೆಗೆ ಸರಿಹೊಂದುವ ಹೆಲ್ಮೆಟ್ ಹುಡುಕುವುದಕ್ಕೆ ಎಷ್ಟು ಸಮಯ ಬೇಕಾದರೂ ತೆಗೆದುಕೊಳ್ಳಿ: ಗಲ್ಲದ ಪಟ್ಟಿ ಬಿಗಿದ ಮೇಲೆ ಜಾಲರಿಯನ್ನು ಹಿಡಿದು ಅಲ್ಲಾಡಿಸಿದಾಗ ಹೆಲ್ಮೆಟ್ ಜೊತೆಗೆ ತಲೆಯೂ ಅಲ್ಲಾಡಬೇಕು, ಹೆಲ್ಮೆಟ್ ಮಾತ್ರ ಜರುಗಿದರೆ ಅದು ದೊಡ್ಡದಾಯಿತು ಎಂದರ್ಥ. ಪೋಲೊಗೆ ಬಳಸುವ ಲೈಫ್ ಜಾಕೆಟ್‌ನ ಬದಿಗಳಲ್ಲಿಯೂ ದಪ್ಪ ಪದರವಿರುತ್ತದೆ, ಎದುರಾಳಿಯ ಕಯಾಕ್‌ನ ಮೂತಿ ಪಕ್ಕೆಲುಬಿಗೆ ತಾಗಿದರೆ ಅದು ರಕ್ಷಣೆ ಕೊಡುತ್ತದೆ.

ಇನ್ನುಳಿದದ್ದು ಸ್ಪ್ರೇಡೆಕ್. ಸೊಂಟಕ್ಕೆ ಲಂಗದ ಹಾಗೆ ತೊಟ್ಟು, ಅದರ ಎಲಾಸ್ಟಿಕ್ ಅಂಚನ್ನು ಕಯಾಕ್‌ನ ಕುಳಿತುಕೊಳ್ಳುವ ಬಾಯಿಯ ಸುತ್ತ ಸಿಕ್ಕಿಸಿದರೆ ಒಳಗೆ ನೀರು ಹೋಗುವುದಿಲ್ಲ. ಅದರ ಮುಂಭಾಗದಲ್ಲಿ ಒಂದು ಬಟ್ಟೆಯ ಕುಣಿಕೆ ಇರುತ್ತದೆ; ಮಗುಚಿದಾಗ ಸ್ಪ್ರೇಡೆಕ್ ಬಿಡಿಸಿಕೊಂಡು ಹೊರಬರಲು ಎಳೆಯಬೇಕಾದದ್ದು ಅದನ್ನೇ. ಅವಸರದಲ್ಲಿ ಸ್ಪ್ರೇಡೆಕ್ ಹಾಕಿಕೊಂಡವರ ಕುಣಿಕೆ ಎಷ್ಟೋ ಸಲ ಒಳಗೆ ಮಡಚಿಕೊಂಡು ಉಳಿದುಬಿಡುತ್ತದೆ. ಹಾಗಾದರೆ ನೀರಿನಡಿ ಕೈ ಎಷ್ಟು ತಡಕಾಡಿದರೂ ಅದು ಸಿಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಸ್ಪ್ರೇಡೆಕ್ ಬಿಗಿದ ಮೇಲೆ ಕುಣಿಕೆ ಹೊರಗಿದೆಯೇ ಎಂದು ಕಣ್ಣಿನಿಂದ ನೋಡಬೇಕು, ಆಮೇಲೆ ಕಣ್ಣು ಮುಚ್ಚಿ ಕೈಯಿಂದ ಮುಟ್ಟಿ ನೋಡಬೇಕು, ಪಕ್ಕದವರದ್ದನ್ನೂ ನೋಡಬೇಕು. ಇಷ್ಟಾಗದೆ ದಡ ಬಿಡಬಾರದು.

ಮಗುಚುವುದು, ಹೊರಬರುವುದು

ಮೊದಲ ದಿನದ ಪಾಠ ಸ್ಪ್ರೇಡೆಕ್ ಇಲ್ಲದೆಯೇ ನಡೆಯಲಿ. ಎದೆಮಟ್ಟದ ನೀರಿನಲ್ಲಿ ತರಬೇತುದಾರರು ಪಕ್ಕದಲ್ಲಿ ನಿಂತಿರುವಾಗ ಉಸಿರು ತುಂಬಿಕೊಂಡು, ಮುಂದಕ್ಕೆ ಬಾಗಿ, ಬೇಕೆಂದೇ ಒಂದು ಬದಿಗೆ ವಾಲಿ ಮಗುಚಬೇಕು. ತಲೆಕೆಳಗಾದ ಮೇಲೆ ತಕ್ಷಣ ಹೊರಬರಲು ಒದ್ದಾಡಬಾರದು. ಎರಡೂ ಕೈಗಳನ್ನು ನೀರಿನಿಂದ ಮೇಲಕ್ಕೆತ್ತಿ ಕಯಾಕ್‌ನ ತಳವನ್ನು ಮೂರು ಸಲ ತಟ್ಟಿ, ಆಮೇಲೆ ಅಂಗೈಗಳನ್ನು ಸೊಂಟದ ಎರಡೂ ಪಕ್ಕಗಳಲ್ಲಿ ಊರಿ, ಪ್ಯಾಂಟು ಕಳಚುವಂತೆ ಕಯಾಕನ್ನು ಮುಂದಕ್ಕೆ ತಳ್ಳಿದರೆ ಕಾಲುಗಳು ತಾವಾಗಿಯೇ ಹೊರಬರುತ್ತವೆ. ಮೂರು ಸಲ ತಟ್ಟುವುದಕ್ಕೆ ಕಾರಣವಿದೆ: ಆ ಎರಡು ಮೂರು ಸೆಕೆಂಡುಗಳಲ್ಲಿ ಮನಸ್ಸು ತನ್ನ ಗಾಬರಿಯನ್ನು ತಾನೇ ನೋಡಿ, ಇನ್ನೂ ಉಸಿರು ಸಾಕಷ್ಟಿದೆ ಎಂದು ಅರಿತುಕೊಳ್ಳುತ್ತದೆ. ಇದು ಸಲೀಸಾದ ಮೇಲೆ ಸ್ಪ್ರೇಡೆಕ್ ಹಾಕಿ ಅದನ್ನೇ ಮಾಡಬೇಕು. ಆಗ ತಟ್ಟಿದ ಮೇಲೆ ಕುಣಿಕೆಯನ್ನು ಮುಂದಕ್ಕೆ ಎಳೆದು, ಮೇಲಕ್ಕೆ ಕಿತ್ತು, ಹೊರಬರುವುದು ಕ್ರಮ.

ಮೂಗಿಗೆ ನೀರು ನುಗ್ಗುವುದು ಹೊಸಬರನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸುತ್ತದೆ. ಈಜುಗಾರರು ಬಳಸುವ ಮೂಗಿನ ಕ್ಲಿಪ್ ಹಾಕಿಕೊಂಡರೆ ಆ ತೊಂದರೆ ತಪ್ಪುತ್ತದೆ. ಕೆಲವು ತರಬೇತುದಾರರು ಇದನ್ನು ಒಪ್ಪುವುದಿಲ್ಲ. ಭಯ ಹೋಗುವವರೆಗೆ ಬಳಸುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ರೋಲ್: ಸೊಂಟದ ಕೆಲಸ

ಹೊರಬರದೆಯೇ ಕಯಾಕನ್ನು ಮೇಲೆ ತಿರುಗಿಸಿಕೊಳ್ಳುವುದಕ್ಕೆ ಆಟಗಾರರು ರೋಲ್ ಎನ್ನುತ್ತಾರೆ. ತೋಳಿನ ಬಲದಿಂದ ಇದನ್ನು ಸಾಧಿಸಲು ಹೊರಟವರು ಸೋಲುತ್ತಾರೆ. ಗಟ್ಟಿಮುಟ್ಟಾದ ಯುವಕರು ವಾರಗಟ್ಟಲೆ ಒದ್ದಾಡುತ್ತಿರುವಾಗ ತೆಳ್ಳಗಿನ ಹುಡುಗಿಯೊಬ್ಬಳು ಬೇಗನೆ ಕಲಿತುಬಿಡುವುದುಂಟು, ಏಕೆಂದರೆ ಆಕೆ ನೀರಿನೊಂದಿಗೆ ಬಲ ಪರೀಕ್ಷೆಗೆ ಇಳಿಯುವುದಿಲ್ಲ.

ಕಲಿಕೆ ಕೊಳದ ಅಂಚಿನಿಂದ ಆರಂಭವಾಗುತ್ತದೆ. ಕಯಾಕನ್ನು ಅಂಚಿಗೆ ಸಮಾನಾಂತರವಾಗಿ ನಿಲ್ಲಿಸಿ, ಎರಡೂ ಕೈಗಳಿಂದ ಅಂಚನ್ನು ಹಿಡಿದು, ಒಂದು ಕಿವಿ ನೀರಿಗೆ ತಾಗುವವರೆಗೆ ದೇಹವನ್ನು ಬದಿಗೆ ಮಲಗಿಸಿ, ಕಯಾಕನ್ನು ಪೂರ್ತಿ ವಾಲಿಸಿಕೊಳ್ಳಿ. ಈಗ ಕೈಗೆ ಭಾರ ಹಾಕದೆ, ಕೆಳಗಿನ ಮೊಣಕಾಲನ್ನು ಕಯಾಕ್‌ನ ಒಳಮೈಗೆ ಒತ್ತಿ ಮೇಲಕ್ಕೆಳೆಯುತ್ತ ಸೊಂಟವನ್ನು ಒಮ್ಮೆಲೇ ಹೊರಳಿಸಿದರೆ ಕಯಾಕ್ ನಿಮ್ಮ ಕೆಳಗೆ ನೆಟ್ಟಗಾಗುತ್ತದೆ. ತಲೆ ಇನ್ನೂ ನೀರಿನ ಮಟ್ಟದಲ್ಲೇ ಇರಬೇಕು. ಮೊದಲು ಕಯಾಕ್, ಆಮೇಲೆ ದೇಹ, ಎಲ್ಲಕ್ಕಿಂತ ಕೊನೆಗೆ ತಲೆ. ನಮ್ಮ ಸಹಜ ಪ್ರವೃತ್ತಿ ಇದಕ್ಕೆ ತದ್ವಿರುದ್ಧ: ಉಸಿರಿಗಾಗಿ ತಲೆಯನ್ನೇ ಮೊದಲು ಎತ್ತುತ್ತೇವೆ, ತಲೆಯ ಭಾರ ಕಯಾಕನ್ನು ಮತ್ತೆ ಒಳಕ್ಕೆಳೆಯುತ್ತದೆ. ಅಂಚು ಹಿಡಿದಿರುವ ಬೆರಳುಗಳ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದೇ ಕಲಿಕೆಯ ಅಳತೆಗೋಲು. ಎರಡು ಬೆರಳಿನ ಆಸರೆಯಲ್ಲಿ ಕಯಾಕ್ ನೆಟ್ಟಗಾಗತೊಡಗಿದಾಗ ಅಂಚನ್ನು ಬಿಟ್ಟು ಗೆಳೆಯರ ಕಯಾಕ್‌ನ ಮೂತಿ ಹಿಡಿದು ಮಾಡಿ. ಅದಾದ ಮೇಲೆ ಈಜು ಕಲಿಯುವವರ ತೇಲುಹಲಗೆ ಹಿಡಿದು ಮಾಡಿ.

ಹುಟ್ಟು ಬರುವುದು ಇಷ್ಟಾದ ಮೇಲೆ. ಮಗುಚಿದೊಡನೆ ಮುಂದಕ್ಕೆ ಬಾಗಿ ಮುಖವನ್ನು ಕಯಾಕ್‌ನ ಮೇಲ್ಮೈಗೆ ಹತ್ತಿರ ತನ್ನಿ; ಇದರಿಂದ ಮುಖಕ್ಕೂ ರಕ್ಷಣೆ. ಹುಟ್ಟನ್ನು ಕಯಾಕ್‌ನ ಪಕ್ಕಕ್ಕೆ ಉದ್ದುದ್ದ ಹಿಡಿದು ಎರಡೂ ಕೈಗಳನ್ನು ನೀರಿನಿಂದ ಹೊರಕ್ಕೆ ಚಾಚಿ. ಅಲ್ಲಿಂದ ಮುಂದಿನ ಅಲಗನ್ನು ನೀರಿನ ಮೇಲ್ಮೈಯಲ್ಲೇ ಅರ್ಧವೃತ್ತವಾಗಿ ಹೊರಕ್ಕೆ ಬೀಸುತ್ತ, ಅಲಗು ಕಯಾಕ್‌ಗೆ ಲಂಬವಾಗುವ ಹೊತ್ತಿಗೆ ಸೊಂಟವನ್ನು ಹೊರಳಿಸಬೇಕು. ಕಣ್ಣು ಅಲಗಿನ ಮೇಲೆಯೇ ಇರಲಿ. ಅಲಗನ್ನು ನೋಡುತ್ತಿರುವವರೆಗೆ ತಲೆ ತಾನಾಗಿಯೇ ತಗ್ಗಿರುತ್ತದೆ. ಅಲಗು ಆಳಕ್ಕೆ ಧುಮುಕಿತೆಂದರೆ ಅದನ್ನು ಕೆಳಕ್ಕೆ ಒತ್ತಿದ್ದೀರಿ ಎಂದು ತಿಳಿಯಿರಿ. ಬಲಗಡೆಗೆ ಬಂದ ಮೇಲೆ ಎಡಗಡೆಗೂ ಕಲಿಯಲೇಬೇಕು, ಎದುರಾಳಿ ಯಾವ ಬದಿಗೆ ದೂಡುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಪಳಗಿದ ಆಟಗಾರರು ಹುಟ್ಟಿಲ್ಲದೆ ಬರಿಗೈಯಲ್ಲೇ ಎದ್ದು ಬರುತ್ತಾರೆ; ಆ ಹಂತಕ್ಕೆ ಅವಸರ ಬೇಡ.

ಚೆಂಡು ಮತ್ತು ನಿಯಮಗಳು

ವಾಟರ್ ಪೋಲೊದ ಚೆಂಡೇ ಇಲ್ಲೂ ಬಳಕೆಯಲ್ಲಿದೆ. ಒದ್ದೆ ಚೆಂಡನ್ನು ಮೇಲಿನಿಂದ ಹಿಡಿಯಲು ಹೋದರೆ ಜಾರುತ್ತದೆ. ಅಂಗೈಯನ್ನು ಚೆಂಡಿನ ಕೆಳಗೆ ತೂರಿಸಿ ಎತ್ತಬೇಕು. ದೂರದಲ್ಲಿದ್ದರೆ ಹುಟ್ಟಿನ ಅಲಗಿನಿಂದ ತನ್ನತ್ತ ಎಳೆದುಕೊಂಡು ಎತ್ತಬೇಕು. ಎಸೆಯುವಾಗ ಇನ್ನೊಂದು ಕೈ ಹುಟ್ಟನ್ನು ಕಯಾಕ್‌ನ ಮೇಲೆ ಅಡ್ಡಲಾಗಿ ಒತ್ತಿ ಹಿಡಿದಿರಲಿ. ಬಲ ಬರಬೇಕಾದದ್ದು ಸೊಂಟದಿಂದ ಭುಜದವರೆಗಿನ ತಿರುವಿನಿಂದ. ಇಬ್ಬರು ಐದಾರು ಮೀಟರ್ ದೂರದಲ್ಲಿ ಎದುರುಬದುರು ನಿಂತು, ಎರಡೂ ಕೈಗಳಿಂದ ಸರದಿಯಂತೆ, ಚೆಂಡು ನೀರಿಗೆ ಬೀಳದಂತೆ ಎಸೆದು ಹಿಡಿಯುವ ಅಭ್ಯಾಸ ಪ್ರತಿ ದಿನದ ಆರಂಭದಲ್ಲಿರಲಿ.

ನಿಯಮಗಳಲ್ಲಿ ಹೊಸಬರು ಮೊದಲು ತಿಳಿಯಬೇಕಾದವು ಕೆಲವೇ. ಚೆಂಡನ್ನು 5 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಬೇರೆಯವರಿಗೆ ಕೊಡಬೇಕು ಅಥವಾ ಎಸೆಯಬೇಕು. ತಂಡವೊಂದು ಚೆಂಡು ಸಿಕ್ಕ 60 ಸೆಕೆಂಡುಗಳೊಳಗೆ ಗೋಲಿನತ್ತ ಹೊಡೆಯಬೇಕು. ಕೈಯಿಂದ ದೂಡುವುದು ಚೆಂಡು ಯಾರ ವಶದಲ್ಲಿದೆಯೋ ಅವರನ್ನು ಮಾತ್ರ, ಅದೂ ಒಂದೇ ಕೈಯ ತೆರೆದ ಅಂಗೈಯಿಂದ ಭುಜ, ತೋಳು ಅಥವಾ ಬೆನ್ನಿಗೆ. ಕುತ್ತಿಗೆ, ತಲೆ, ಮುಖಕ್ಕೆ ಕೈ ಹೋಗಬಾರದು. ಕಯಾಕ್‌ನಿಂದ ಎದುರಾಳಿಯ ಕಯಾಕನ್ನು ಒತ್ತರಿಸಬಹುದು. ಆದರೆ ಬದಿಗೆ ನೇರವಾಗಿ ವೇಗದಿಂದ ಗುದ್ದುವುದು, ಇಲ್ಲವೇ ದೇಹದ ಮೇಲೆ ಕಯಾಕ್ ಏರಿಸುವುದು ತಪ್ಪು. ಎದುರಾಳಿಯ ಕೈ ಚೆಂಡಿನತ್ತ ಚಾಚಿದಾಗ ಅದರ ಸನಿಹಕ್ಕೆ ಹುಟ್ಟು ತರುವುದೂ ತಪ್ಪು. ಅಂಪೈರ್‌ಗಳಲ್ಲಿ ಹಸಿರು, ಹಳದಿ, ಕೆಂಪು ಕಾರ್ಡ್‌ಗಳಿರುತ್ತವೆ. ಹಳದಿ ಪಡೆದವರು 2 ನಿಮಿಷ ಹೊರಗಿರಬೇಕು. ಗೋಲು ಕಾಯುವವರು ಚೌಕಟ್ಟಿನ ಕೆಳಗೆ ನಿಂತು ಹುಟ್ಟನ್ನು ನೆಟ್ಟಗೆ ಮೇಲಕ್ಕೆತ್ತಿ ಚೆಂಡನ್ನು ತಡೆಯುತ್ತಾರೆ. ಇದು ನೋಡಲು ಸರಳ, ಮಾಡಲು ಬಹಳ ಕಷ್ಟ, ಏಕೆಂದರೆ ಹುಟ್ಟು ಗಾಳಿಯಲ್ಲಿರುವಾಗ ಕಯಾಕನ್ನು ಅಲುಗದಂತೆ ನಿಲ್ಲಿಸಬೇಕಾದದ್ದು ಸೊಂಟ ಮಾತ್ರ. ಗೋಲು ಕಾಯುವ ಕೆಲಸವನ್ನು ಹೊಸಬರಿಗೆ ತಳ್ಳಿಬಿಡುವ ಅಭ್ಯಾಸ ಸರಿಯಲ್ಲ.

ಆಟದ ಆರಂಭವನ್ನೂ ಹೇಳಿಬಿಡುತ್ತೇನೆ. ಎರಡೂ ತಂಡಗಳು ತಮ್ಮ ತಮ್ಮ ಗೋಲು ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ, ಸೀಟಿ ಊದಿ ಚೆಂಡನ್ನು ನಡುವಿಗೆ ಬಿಟ್ಟಾಗ ತಂಡಕ್ಕೊಬ್ಬರು ಅದಕ್ಕಾಗಿ ಧಾವಿಸುತ್ತಾರೆ. ಕಲಿಯುವ ಗುಂಪಿನಲ್ಲಿ ಈ ಓಟವನ್ನು ಬಿಟ್ಟು, ಒಂದು ತಂಡದ ಕೈಗೇ ಚೆಂಡು ಕೊಟ್ಟು ಆರಂಭಿಸುವುದು ಕ್ಷೇಮ.

ಹೊಳೆಗೆ ಇಳಿಯುವ ಮುನ್ನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೊಳೆಗಳು ಆಟದ ಜಾಗವಲ್ಲ. ಆ ನಾಲ್ಕು ತಿಂಗಳು ಕೊಳದಲ್ಲಿ ರೋಲ್ ಕಲಿಯಲು ಹೇಳಿ ಮಾಡಿಸಿದ ಕಾಲ. ಮಳೆ ಕಡಿಮೆಯಾಗಿ ಕೆನ್ನೀರು ತಿಳಿಯಾದ ಮೇಲೆ, ನವೆಂಬರ್ ಹೊತ್ತಿಗೆ, ಜಾಗ ನೋಡಬಹುದು. ಅಕ್ಟೋಬರ್‌ನಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿಯೂ ಸಂಜೆ ಗುಡುಗು ಮಿಂಚು ಹೆಚ್ಚು, ಆಗ ಬೆಳಗಿನ ಹೊತ್ತೇ ಆಟಕ್ಕೆ ಸೂಕ್ತ.

ಜಾಗ ಆರಿಸುವಾಗ ಹೊಳೆ ಸಮುದ್ರ ಸೇರುವ ಅಳಿವೆಯಿಂದ ದೂರವಿರಿ. ದಿನಕ್ಕೆ ಎರಡು ಸಲ ಬರುವ ಉಬ್ಬರ ಇಳಿತಗಳಲ್ಲಿ, ಇಳಿತದ ನೀರು ಸಮುದ್ರದ ಕಡೆಗೆ ಸೆಳೆಯುತ್ತದೆ. ಅಳಿವೆಯ ಬಳಿ ಆ ಸೆಳೆತ ಅತ್ಯಂತ ಬಲವಾಗಿರುತ್ತದೆ. ಉಬ್ಬರ ಪೂರ್ತಿಯಾಗುವ ಹೊತ್ತಿನ ಆಸುಪಾಸಿನಲ್ಲಿ ನೀರು ಹೆಚ್ಚುಕಡಿಮೆ ನಿಂತಿರುತ್ತದೆ, ಆಳವೂ ಸಾಕಷ್ಟಿರುತ್ತದೆ. ಅದೇ ಜಾಗವನ್ನು ಒಮ್ಮೆ ಇಳಿತದಲ್ಲಿ ಹೋಗಿ ನೋಡಿ ಬನ್ನಿ: ಕೆಸರಿನಲ್ಲಿ ಹೂತ ಗೂಟ, ಹಳೆಯ ಬಲೆ, ಕಲ್ಲಿಗೆ ಅಂಟಿದ ಬ್ಲೇಡಿನಂಥ ಚಿಪ್ಪುಗಳು ಆಗ ಕಣ್ಣಿಗೆ ಬೀಳುತ್ತವೆ. ತಲೆಕೆಳಗಾಗಿ ಆಡುವ ಆಟಕ್ಕೆ ಇವೆಲ್ಲ ಅಪಾಯಕಾರಿ. ಆ ಹೊಳೆಯಲ್ಲಿ ಬಲೆ ಹಾಕುವವರು, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು, ದೋಣಿ ನಡೆಸುವವರು ಯಾರೇ ಇರಲಿ, ಅವರೊಡನೆ ಮಾತಾಡದೆ ಅಂಕಣ ಕಟ್ಟಬೇಡಿ. ಅದು ಅವರ ಹೊಟ್ಟೆಪಾಡಿನ ಜಾಗ. ನೀರಿನ ಗುಣವನ್ನು ಅವರಷ್ಟು ಬಲ್ಲವರು ಬೇರಿಲ್ಲ. ಗ್ರಾಮ ಪಂಚಾಯಿತಿಯ ಅನುಮತಿಯನ್ನೂ ಪಡೆಯಬೇಕು.

ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಅದರ ಮೇಲ್ಗಡೆ ನೀರು ಕೆರೆಯಂತೆ ನಿಂತು ಆಸೆ ಹುಟ್ಟಿಸುತ್ತದೆ. ಅಣೆಕಟ್ಟಿನ ಹತ್ತಿರಕ್ಕೆ ಮಾತ್ರ ಹೋಗಬಾರದು: ಕಿಂಡಿಗಳತ್ತ ನೀರಿನ ಎಳೆತ ಮೇಲಿನಿಂದ ಕಾಣುವುದಿಲ್ಲ, ಹಲಗೆಗೆ ಸಿಕ್ಕಿಕೊಂಡ ಕಯಾಕನ್ನು ಬಿಡಿಸುವುದು ಬಹಳ ಕಷ್ಟ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ, ಉಡುಪಿಗೆ ಕೊಡುವ ಬಜೆ ಅಣೆಕಟ್ಟುಗಳ ಹಿನ್ನೀರನ್ನು ಆಟಕ್ಕೆಂದು ಯೋಚಿಸಲೂ ಬೇಡಿ.

ಮಳೆಗಾಲದಲ್ಲಿ ಮತ್ತು ಅದರ ನಂತರದ ವಾರಗಳಲ್ಲಿ ನಮ್ಮ ಜಿಲ್ಲೆಗಳಲ್ಲಿ ಇಲಿಜ್ವರದ ಭಯವಿದೆ. ಕೈಕಾಲಿನಲ್ಲಿ ತೆರೆದ ಗಾಯವಿದ್ದವರು ಹೊಳೆಗೆ ಇಳಿಯಬಾರದು. ನೀರಿಗೆ ಇಳಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಬಳಿ ಹೋಗಿ, ಹೊಳೆಗೆ ಇಳಿದಿದ್ದ ವಿಷಯವನ್ನು ತಪ್ಪದೆ ಹೇಳಿ.

ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀರಿನಲ್ಲಿದ್ದೇವೆಂದು ಬಾಯಾರಿಕೆ ತಿಳಿಯುವುದಿಲ್ಲ. ಹೆಲ್ಮೆಟ್, ದಪ್ಪ ಜಾಕೆಟ್, ಸ್ಪ್ರೇಡೆಕ್‌ನೊಳಗೆ ಬೆವರು ಹರಿಯುತ್ತಲೇ ಇರುತ್ತದೆ. ಎಳನೀರೋ ಉಪ್ಪು ಹಾಕಿದ ಗಂಜಿ ತಿಳಿಯೋ ದಡದಲ್ಲಿರಲಿ. ಆಟ ಮುಗಿದ ಮೇಲೆ ಸಲಕರಣೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪುನೀರು ಹೆಲ್ಮೆಟ್ ಜಾಲರಿಯ ಸ್ಕ್ರೂಗಳನ್ನು ಬೇಗನೆ ತುಕ್ಕು ಹಿಡಿಸುತ್ತದೆ, ಬಿಸಿಲು ಸ್ಪ್ರೇಡೆಕ್‌ನ ಎಲಾಸ್ಟಿಕ್ ಅನ್ನು ಸಡಿಲಗೊಳಿಸುತ್ತದೆ.

ಹತ್ತು ಮಂದಿ ಕೂಡುವವರೆಗೆ ಕಾಯಬೇಕಾಗಿಲ್ಲ. ಆರು ಕಯಾಕ್ ಇದ್ದರೆ ಅರ್ಧ ಅಂಕಣದಲ್ಲಿ ಮೂವರ ಎದುರು ಮೂವರು ಆಡಬಹುದು. ಎರಡು ಬಿದಿರಿನ ನಡುವೆ ಕಟ್ಟಿದ ಚೌಕಟ್ಟೇ ಗೋಲಾಗುತ್ತದೆ. ಮೊದಲ ಕೆಲವು ಪಂದ್ಯಗಳಲ್ಲಿ ಕೈಯಿಂದ ದೂಡುವುದನ್ನು ಕೈಬಿಟ್ಟು ಆಡಿ. ಎಲ್ಲರೂ ಎರಡೂ ಬದಿಗೆ ರೋಲ್ ಮಾಡತೊಡಗಿದ ಮೇಲೆ ಅದಕ್ಕೆ ಅವಕಾಶ ಕೊಡಿ, ಯಾವಾಗಲೂ ಒಬ್ಬರು ಆಟಕ್ಕೆ ಸೇರದೆ ರಕ್ಷಣೆಗೆಂದೇ ಕಯಾಕ್‌ನಲ್ಲಿ ಸಿದ್ಧರಾಗಿರಲಿ. ಐವರ ಎದುರು ಐವರು ಆಡುವಷ್ಟು ಮಂದಿ ಸೇರಿದಾಗ ಅಂತರರಾಷ್ಟ್ರೀಯ ಕನೂ ಫೆಡರೇಷನ್‌ನ ಈಗಿನ ನಿಯಮ ಪುಸ್ತಕವನ್ನು ತರಿಸಿಕೊಂಡು, ಗುಂಪಿನಲ್ಲಿ ಇಬ್ಬರಾದರೂ ಅಂಪೈರ್ ಕೆಲಸ ಕಲಿತು, ರಾಜ್ಯದ ಕಯಾಕಿಂಗ್ ಸಂಸ್ಥೆಯ ಮೂಲಕ ಸ್ಪರ್ಧೆಗಳ ವಿಚಾರಣೆಗೆ ತೊಡಗಬಹುದು.